ಮನೆಯ ಗಣಕಯಂತ್ರಕ್ಕೆ ಯಾವ ಲಿನಕ್ಸ್ ತಕ್ಕದ್ದು?

ಸಂತೆಗೆ ಹೋಗಿ ಎತ್ತು ಕೊಳ್ಳುವ ರೈತನು ‘ಈ ಸಂತೆಗೆಲ್ಲ ಶ್ರೇಷ್ಠವಾದ ಎತ್ತು ಯಾವುದು?’ ಎಂದು ಕೇಳುವುದಿಲ್ಲ. ತನ್ನ ಹೊಲದ ಮಣ್ಣು ಎಂಥದು, ಕೊಟ್ಟಿಗೆಯಲ್ಲಿ ಉಳಿದಿರುವ ಒಂಟಿ ಎತ್ತಿಗೆ ಯಾವುದು ಜೊತೆಯಾದೀತು, ಬಣವೆಯಲ್ಲಿ ಮೇವು ಎಷ್ಟಿದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವನು ಹಗ್ಗವನ್ನು ಹಿಡಿಯುವನು. ಆದರೆ ಗಣಕಯಂತ್ರದ ವಿಷಯ ಬಂದಾಗ ವಿದ್ಯಾವಂತರೂ ಈ ವಿವೇಕವನ್ನು ಮರೆತು ‘ಎಲ್ಲಕ್ಕಿಂತ ಶ್ರೇಷ್ಠವಾದುದು ಯಾವುದು?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ತಿರುಗುವುದುಂಟು. ನಾನೂ ಎರಡು ತಿಂಗಳ ಕಾಲ ಹಾಗೆ ತಿರುಗಿದವನೇ. ಆ ತಿರುಗಾಟದಿಂದ ತಿಳಿದುಬಂದುದನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಸಂದರ್ಭವು ಹೀಗೆ ಒದಗಿತು. ೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿನಿಂದ ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ‘ವಿಂಡೋಸ್ ೧೦’ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ವಾಡಿಕೆಯ ರಕ್ಷಣಾ ಪರಿಷ್ಕಾರಗಳನ್ನು ನಿಲ್ಲಿಸಿದರು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಅವಧಿಯನ್ನು ಕೊಟ್ಟಿರುವುದೇನೋ ನಿಜ. ಆದರೆ ಅದು ಸಾಲದ ವಾಯಿದೆಯನ್ನು ಮುಂದಕ್ಕೆ ಹಾಕಿದಂತೆಯೇ ಹೊರತು ಸಾಲ ತೀರಿದಂತಲ್ಲ. ‘ವಿಂಡೋಸ್ ೧೧’ ಹಾಕಿಸೋಣವೆಂದರೆ ಅದು ಹೊಸ ಕಾಲದ ಪ್ರೊಸೆಸರನ್ನೂ ‘ಟಿಪಿಎಂ ೨.೦’ ಎಂಬ ರಕ್ಷಣಾ ಭಾಗವನ್ನೂ ಬೇಡುವುದು. ನಮ್ಮ ಮನೆಯ ಲ್ಯಾಪ್‌ಟಾಪು ೨೦೧೬ರಲ್ಲಿ ಮಗನ ವ್ಯಾಸಂಗಕ್ಕಾಗಿ ಕೊಂಡದ್ದು. ಅದರ ರ‍್ಯಾಮ್ ೪ ಜಿಬಿ. ಕೀಲಿಗಳು ಸವೆದಿಲ್ಲ, ಪರದೆಯು ಮಸುಕಾಗಿಲ್ಲ. ಆದರೂ ಹೊಸ ವ್ಯವಸ್ಥೆಯ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ.

ಮಗನು ಉದ್ಯೋಗನಿಮಿತ್ತವಾಗಿ ಬೆಂಗಳೂರಿಗೆ ಹೋದ ಮೇಲೆ ಆ ಯಂತ್ರವು ನನ್ನ ಗೃಹಿಣಿಯ ವಶವಾಗಿದ್ದಿತು. ಆಕೆಗೆ ಹಳೆಯ ಪದಗಳೆಂದರೆ ಪ್ರಾಣ. ನಮ್ಮ ಹಂಪಸಾಗರದಲ್ಲಿಯೂ ತುಂಗಭದ್ರೆಯ ದಡದ ಸುತ್ತಣ ಹಳ್ಳಿಗಳಲ್ಲಿಯೂ ಮುದುಕಿಯರ ಬಳಿ ಕುಳಿತು ಬೀಸುವ ಪದ, ಸೋಬಾನೆ, ಜೋಗುಳಗಳನ್ನು ಬರೆದುಕೊಂಡು ಬಂದು, ಮಧ್ಯಾಹ್ನದ ಬಿಡುವಿನಲ್ಲಿ ‘ನುಡಿ’ ತಂತ್ರಾಂಶದಲ್ಲಿ ಒಂದೊಂದಾಗಿ ಅಚ್ಚುಮಾಡುತ್ತಿದ್ದಳು. ಏಳು ವರ್ಷಗಳಲ್ಲಿ ಅವು ಇನ್ನೂರನ್ನು ಮೀರಿದ್ದವು. ಹಾಡಿದ ಮುದುಕಿಯರಲ್ಲಿ ಹಲವರು ಈಗ ಇಲ್ಲ.

ಪೇಟೆಯ ಅಂಗಡಿಯೊಂದಕ್ಕೆ ಯಂತ್ರವನ್ನು ಒಯ್ದಾಗ ಅಲ್ಲಿಯ ಹುಡುಗನು ಬಹು ಸುಲಭವಾಗಿ “ಫಾರ್ಮ್ಯಾಟ್ ಮಾಡಿಬಿಡ್ತೀನಿ ಸರ್, ಅರ್ಧ ತಾಸಿನ ಕೆಲಸ” ಎಂದನು. ಮನೆಗೆ ಬಂದು ಈ ಮಾತನ್ನು ಹೇಳಿದೆನು. ಆಕೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು, “ಅದರಾಗ ನನ್ನ ಪದ ಅದಾವಲ್ರೀ, ಅವೂ ಹೋಗ್ತಾವೇನು?” ಎಂದು ಕೇಳಿದಳು. ಹೋಗುತ್ತವೆ ಎಂಬುದೇ ಅದಕ್ಕೆ ಉತ್ತರವಾಗಿದ್ದಿತು. ಅಂದಿನಿಂದ ವ್ಯವಸ್ಥೆಯನ್ನು ಆರಿಸುವ ಕೆಲಸವು ನನಗೆ ಕುತೂಹಲದ ವಿಷಯವಾಗಿ ಉಳಿಯಲಿಲ್ಲ, ಮನೆಯ ಹೊಣೆಯಾಯಿತು.

ಆಪರೇಟಿಂಗ್ ಸಿಸ್ಟಂ ಎಂದರೇನೆಂಬುದನ್ನು ಅರಿಯದವರಿಗಾಗಿ ಎರಡು ಮಾತು. ಯಂತ್ರದ ಅಂಗಾಂಗಗಳಾದ ಪರದೆ, ಕೀಲಿಮಣೆ, ಡಿಸ್ಕು, ಪ್ರಿಂಟರು ಮುಂತಾದವನ್ನು ಒಂದು ಆಜ್ಞೆಯಲ್ಲಿ ಇಟ್ಟುಕೊಂಡು, ನಾವು ಬಳಸುವ ತಂತ್ರಾಂಶಗಳಿಗೆ ಅವನ್ನು ಒದಗಿಸಿಕೊಡುವ ಮೂಲ ತಂತ್ರಾಂಶವೇ ಅದು. ವಿಂಡೋಸು ಅಂಥದೊಂದು. ಲಿನಕ್ಸ್ ಇನ್ನೊಂದು. ಅಮೆರಿಕೆಯ ರಿಚರ್ಡ್ ಸ್ಟಾಲ್ಮನ್ ಎಂಬವರು ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಸ್ವಾತಂತ್ರ್ಯವುಳ್ಳ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ೧೯೮೩ರಲ್ಲಿ ಘೋಷಿಸಿ ‘ಗ್ನೂ’ ಯೋಜನೆಯನ್ನು ಪ್ರಾರಂಭಿಸಿದರು. ಅದಕ್ಕೆ ಬೇಕಾಗಿದ್ದ ತಿರುಳನ್ನು ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆದರು. ಅದೇ ೧೯೯೧ರಲ್ಲಿ ಯೂನಿಕೋಡಿನ ಮೊದಲನೆಯ ಆವೃತ್ತಿಯು ಪ್ರಕಟವಾಗಿ, ಅದರಲ್ಲಿ ನಮ್ಮ ಕನ್ನಡ ಲಿಪಿಗೂ ಸ್ಥಾನ ದೊರೆಯಿತು. ಈ ಎರಡು ಸಂಗತಿಗಳೂ ಮುಂದೆ ನಮ್ಮ ಮನೆಯಲ್ಲಿಯೇ ಕೂಡಿಕೊಳ್ಳಲಿದ್ದವು.

ಆದರೆ ಲಿನಕ್ಸನ್ನು ಹಾಕಿಸುವೆನೆಂದು ಹೊರಟವನಿಗೆ ಲಿನಕ್ಸ್ ಎಂಬ ಒಂದೇ ಪದಾರ್ಥವು ಎಲ್ಲಿಯೂ ಸಿಕ್ಕುವುದಿಲ್ಲ. ತಿರುಳು ಒಂದೇ, ಅದರ ಸುತ್ತಲೂ ಬೇರೆ ಬೇರೆ ಸಂಘಗಳು ತಮಗೆ ಸರಿತೋರಿದ ತಂತ್ರಾಂಶಗಳನ್ನು ಜೋಡಿಸಿ, ತಮ್ಮದೇ ಹೆಸರಿಟ್ಟು ಹಂಚುತ್ತವೆ. ಇವಕ್ಕೆ ‘ವಿತರಣೆ’ಗಳೆಂದು ಹೆಸರು. ಇಂಥವು ನೂರಾರು ಇವೆ. ಹೊಸಬನು ಬೆದರುವುದು ಇಲ್ಲಿಯೇ.

ನಾನು ಸಂಸ್ಕೃತ ವ್ಯಾಕರಣವನ್ನು ಓದಿದವನಾದುದರಿಂದ ಈ ಗೊಂದಲವು ನನಗೆ ಆ ದಾರಿಯಲ್ಲಿಯೇ ಬಿಡಿಸಿತು. ಪಾಣಿನಿಯ ಅಷ್ಟಾಧ್ಯಾಯಿಯು ಒಂದೇ. ಅದರ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಭಟ್ಟೋಜಿ ದೀಕ್ಷಿತರು ಪ್ರಯೋಗಕ್ಕೆ ಅನುಕೂಲವಾಗುವಂತೆ ಬೇರೆ ಕ್ರಮದಲ್ಲಿ ಜೋಡಿಸಿ ಸಿದ್ಧಾಂತಕೌಮುದಿಯನ್ನು ರಚಿಸಿದರು. ಅವರ ಶಿಷ್ಯರಾದ ವರದರಾಜರು ಅದನ್ನು ಬಾಲಕರಿಗಾಗಿ ಸಂಗ್ರಹಿಸಿ ಲಘುಕೌಮುದಿಯನ್ನು ಮಾಡಿದರು. ಲಘುಕೌಮುದಿಯಿಂದ ಕಲಿತವನು ಬೇರೊಂದು ವ್ಯಾಕರಣವನ್ನು ಕಲಿತವನಲ್ಲ. ಅವನು ಕಲಿತದ್ದು ಪಾಣಿನಿಯನ್ನೇ. ಹುಡುಗನ ಕೈಗೆ ಮೊದಲ ದಿನವೇ ಮಹಾಭಾಷ್ಯವನ್ನು ಕೊಡುವ ಗುರುವು ಪಂಡಿತನಿರಬಹುದು, ಒಳ್ಳೆಯ ಗುರುವಲ್ಲ.

ವಿತರಣೆಗಳಲ್ಲಿಯೂ ಇಂಥದೇ ಪರಂಪರೆಯುಂಟು. ೧೯೯೩ರಲ್ಲಿ ಇಯಾನ್ ಮರ್ಡಾಕ್ ಎಂಬವರು ಡೆಬಿಯನ್ನನ್ನು ಪ್ರಾರಂಭಿಸಿದರು. ತಮ್ಮ ಹೆಸರಿನೊಡನೆ ತಮ್ಮ ಪ್ರೇಯಸಿ ಡೆಬ್ರಾಳ ಹೆಸರನ್ನು ಕೂಡಿಸಿ ಅದಕ್ಕೆ ಆ ಹೆಸರನ್ನಿಟ್ಟರು. ಡೆಬಿಯನ್ನಿನ ಆಧಾರದ ಮೇಲೆ ಮಾರ್ಕ್ ಶಟಲ್‌ವರ್ತ್ ಅವರ ಕೆನಾನಿಕಲ್ ಸಂಸ್ಥೆಯು ೨೦೦೪ರ ಅಕ್ಟೋಬರಿನಲ್ಲಿ ಉಬುಂಟುವನ್ನು ಹೊರತಂದಿತು. ಉಬುಂಟುವಿನ ಆಧಾರದ ಮೇಲೆ ೨೦೦೬ರಲ್ಲಿ ಲಿನಕ್ಸ್ ಮಿಂಟ್ ಹುಟ್ಟಿತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯವರು ೨೦೦೭ರಲ್ಲಿ ಹೊರತಂದ ‘ಬಾಸ್’ ಎಂಬುದೂ ಡೆಬಿಯನ್ನಿನ ಸಂತತಿಯೇ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ವ್ಯರ್ಥವಾಗುವುದಿಲ್ಲ. ಆದುದರಿಂದ ತಪ್ಪಾಗಿ ಆರಿಸಿದೆನೆಂಬ ಭಯಕ್ಕೆ ಕಾರಣವು ಬಹಳ ಅಲ್ಪ.

ಹೀಗಿದ್ದರೂ ನಮ್ಮ ಮನೆಗೆ ಮೂರು ಕಡೆಗಳಿಂದ ಮೂರು ಸಲಹೆಗಳು ಬಂದವು. ಬೆಂಗಳೂರಿನಿಂದ ಮಗನು ‘ಉಬುಂಟುವನ್ನೇ ಹಾಕಿಸಿ, ಜಗತ್ತೆಲ್ಲ ಅದನ್ನೇ ಬಳಸುತ್ತದೆ’ ಎಂದನು. ಹೊಸಪೇಟೆಯಲ್ಲಿರುವ ನನ್ನ ತಂಗಿಯ ಮಗನು ಇಪ್ಪತ್ತೆರಡರ ಪ್ರಾಯದವನು. ಅವನಿಗೆ ‘ಆರ್ಚ್’ ಎಂಬ ವಿತರಣೆಯ ಹೊರತು ಉಳಿದುವೆಲ್ಲ ಮಕ್ಕಳ ಆಟಿಕೆ. ಅದರಲ್ಲಿ ಎಲ್ಲವನ್ನೂ ಆಜ್ಞೆಗಳನ್ನು ಬರೆದು ಕೈಯಾರೆ ಕಟ್ಟಿಕೊಳ್ಳಬೇಕು. ಹೊಸ ಆವೃತ್ತಿಗಳು ನಿಲುಗಡೆಯಿಲ್ಲದೆ ಬರುತ್ತಲೇ ಇರುವುವು. “ಮಾವಾ, ಒಂದ್ಸಲ ಕಟ್ಟಿದ್ರೆ ಯಂತ್ರದ ಒಳಗೆಲ್ಲ ಗೊತ್ತಾಗ್ತತಿ” ಎಂಬುದು ಅವನ ವಾದ. ಮಾತು ಸುಳ್ಳಲ್ಲ, ಆದರೆ ಅದು ಮಹಾಭಾಷ್ಯದ ಮಾತು. ಮೂರನೆಯವನು ನಮ್ಮ ಊರಿನಲ್ಲಿಯೇ ಇರುವ ನನ್ನ ಹಳೆಯ ಶಿಷ್ಯ, ಈಗ ಪ್ರೌಢಶಾಲೆಯ ಶಿಕ್ಷಕ. ಅವನು ತನ್ನ ಮನೆಯಲ್ಲಿ ಮಿಂಟನ್ನು ಬಳಸುತ್ತಾನೆ. ಅವನು ಯಾವುದನ್ನೂ ಹೊಗಳಲಿಲ್ಲ, ತೆಗಳಲಿಲ್ಲ. “ಸರ್, ಮೊದಲು ಅಮ್ಮಾರನ್ನ ಅದರ ಮುಂದ ಕೂಡಿಸಿ ನೋಡ್ರಿ” ಎಂದಷ್ಟೇ ಹೇಳಿದನು.

ಈ ಸಲಹೆಯು ಎಲ್ಲಕ್ಕಿಂತ ಯೋಗ್ಯವೆಂದು ತೋರಿತು. ಇವುಗಳಲ್ಲಿ ಬಹುಪಾಲು ವಿತರಣೆಗಳನ್ನು ಪೆನ್ ಡ್ರೈವಿನಲ್ಲಿ ತುಂಬಿಸಿಕೊಂಡು, ಯಂತ್ರದ ಡಿಸ್ಕನ್ನು ಮುಟ್ಟದೆ, ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಮೆಚ್ಚಿಗೆಯಾಗದಿದ್ದರೆ ಯಂತ್ರವನ್ನು ನಿಲ್ಲಿಸಿ ಪೆನ್ ಡ್ರೈವನ್ನು ಕಿತ್ತರಾಯಿತು. ಯಂತ್ರವು ಮೊದಲಿನಂತೆಯೇ ಇರುವುದು. ಎಂಟು ಜಿಬಿಯ ಪೆನ್ ಡ್ರೈವು ಸಾಕು. ಉಬುಂಟು ೨೪.೦೪ರ ಕಡತವು ಸುಮಾರು ಆರು ಜಿಬಿ, ಮಿಂಟಿನದು ಸುಮಾರು ಮೂರು ಜಿಬಿ. ಹಳ್ಳಿಯಲ್ಲಿ ಮೊಬೈಲಿನ ದಿನದ ಡೇಟಾದಲ್ಲಿ ಇದು ಆಗುವ ಕೆಲಸವಲ್ಲವಾದುದರಿಂದ ತಂಗಿಯ ಮಗನೇ ಹೊಸಪೇಟೆಯಲ್ಲಿ ಇಳಿಸಿಕೊಂಡು ತಂದುಕೊಟ್ಟನು. ಆಯಾ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು, ಕಂಡಕಂಡಲ್ಲಿಂದ ತರಬಾರದು ಎಂಬ ಎಚ್ಚರಿಕೆಯನ್ನು ಅವನೇ ಹೇಳಿದನು.

ಮೂರು ಸಂಜೆಗಳು ಪರೀಕ್ಷೆ ನಡೆಯಿತು. ಮೊದಲನೆಯ ಸಂಜೆ ಉಬುಂಟು. ನೋಟಕ್ಕೆ ಬಹಳ ಅಂದವಾಗಿದ್ದಿತು. ಆದರೆ ನಮ್ಮ ೪ ಜಿಬಿಯ ಯಂತ್ರದಲ್ಲಿ ಏದುಸಿರು ಬಿಡುತ್ತ ನಡೆಯಿತು. ಎಡಗಡೆಯ ಅಂಚಿನಲ್ಲಿ ಚಿತ್ರಗಳ ಸಾಲು. ಆಕೆಯ ಕಣ್ಣು ಮಾತ್ರ ಕೆಳಗಿನ ಮೂಲೆಯಲ್ಲಿಯೇ ಏನನ್ನೋ ಹುಡುಕುತ್ತಿದ್ದಿತು. ಎರಡನೆಯ ಸಂಜೆ ಡೆಬಿಯನ್. ಡೆಬಿಯನ್ನಿನವರು ತಮ್ಮ ಸ್ಥಾಪನೆಯ ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಕೇಳುವ ಏರ್ಪಾಡನ್ನು ಮಾಡಿದ್ದಾರೆಂಬುದನ್ನು ಕಂಡು ನನಗೆ ಪರಮ ಸಂತೋಷವಾಯಿತು. ಆದರೆ ನಾವು ನೋಡಿದ ಅದರ ಮುಖವು ಬರಿದಾದ ಅಂಗಳದಂತಿದ್ದಿತು. “ಇಲ್ಲಿ ಏನೂ ಇಲ್ಲಲ್ರೀ” ಎಂದಳು. ಮೂರನೆಯ ಸಂಜೆ ಮಿಂಟ್. ಅದರಲ್ಲಿಯೂ ಹಳೆಯ ಯಂತ್ರಗಳಿಗೆ ಹಗುರವಾದ ‘ಎಕ್ಸ್‌ಎಫ್‌ಸಿಇ’ ಎಂಬ ಮುಖವುಳ್ಳದ್ದು. ಕೆಳಗಿನ ಎಡಮೂಲೆಯಲ್ಲಿ ಮೆನು, ಪಕ್ಕದಲ್ಲಿ ತೆರೆದ ಕಿಟಕಿಗಳ ಪಟ್ಟಿ. ಆಕೆ ನನ್ನನ್ನು ಏನೂ ಕೇಳದೆ ಬರವಣಿಗೆಯ ತಂತ್ರಾಂಶವನ್ನು ತೆರೆದುಬಿಟ್ಟಳು.

ಇಷ್ಟರಿಂದಲೇ ತೀರ್ಮಾನವಾಯಿತೆಂದು ನಾನು ತಿಳಿದಿದ್ದೆನು. ಆದರೆ ಮುಖ್ಯವಾದ ಪ್ರಶ್ನೆಯನ್ನು ಆಕೆಯೇ ಕೇಳಿದಳು: “ನಾಳೆ ಇದು ನಿಂತರೆ ಬಂದು ನೋಡೋರು ಯಾರು?” ಮಗನು ಇರುವುದು ಬೆಂಗಳೂರಿನಲ್ಲಿ. ತಂಗಿಯ ಮಗನು ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಶಿಷ್ಯನ ಮನೆಯು ನಮ್ಮ ಓಣಿಯ ಕೊನೆಯಲ್ಲಿದೆ. ಅವನು ಪ್ರತಿದಿನವೂ ಬಳಸುವುದು ಮಿಂಟನ್ನೇ. ಎರಡು ತಿಂಗಳಿಂದ ನಾನು ಓದಿದ್ದ ಗುಣದೋಷಗಳ ಪಟ್ಟಿಗಳಲ್ಲಿ ಎಲ್ಲಿಯೂ ಈ ಪ್ರಶ್ನೆಯಿರಲಿಲ್ಲ. ಮಿಂಟ್ ಎಂದು ನಿಶ್ಚಯವಾದದ್ದು ಆ ಕ್ಷಣದಲ್ಲಿ. ಶಿಷ್ಯನು ಡೆಬಿಯನ್ನನ್ನು ಬಳಸುವವನಾಗಿದ್ದರೆ ನಾವೂ ಡೆಬಿಯನ್ನನ್ನೇ ಹಾಕಿಸಿಕೊಂಡು, ಮೆನುವನ್ನು ಹುಡುಕುವುದನ್ನು ಕಲಿಯುತ್ತಿದ್ದೆವು.

ದೊಡ್ಡ ಪ್ರಮಾಣದಲ್ಲಿಯೂ ಈ ನ್ಯಾಯವೇ ನಡೆದಿರುವುದನ್ನು ಕಾಣಬಹುದು. ನೆರೆಯ ಕೇರಳದಲ್ಲಿ ‘ಕೈಟ್’ ಎಂಬ ಸರಕಾರಿ ಸಂಸ್ಥೆಯು ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಸಿದ್ಧಪಡಿಸಿದ ವ್ಯವಸ್ಥೆಯನ್ನು ಶಾಲೆಗಳಿಗೆ ಒದಗಿಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಪಾಠ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲಿಯೂ ೨೦೧೧ರಿಂದ ಮುಂದಿನ ಕೆಲವು ವರ್ಷಗಳಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯವರು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮವನ್ನು ನಡೆಸಿ, ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟುವಿನಲ್ಲಿಯೇ ತರಬೇತಿ ಕೊಡಿಸಿದರು. ಗಣಿತಕ್ಕೆ ಜಿಯೋಜಿಬ್ರಾ, ಖಗೋಳಕ್ಕೆ ಸ್ಟೆಲ್ಲೇರಿಯಂ ಮೊದಲಾದ ತಂತ್ರಾಂಶಗಳು ಶಿಕ್ಷಕರಿಗೆ ಪರಿಚಯವಾದದ್ದು ಹಾಗೆ. ಉಬುಂಟು ಎಲ್ಲಕ್ಕಿಂತ ಮೇಲೆಂಬುದು ಇದರ ತಾತ್ಪರ್ಯವಲ್ಲ. ನೂರು ಜನರ ಬಳಿ ಒಂದೇ ವ್ಯವಸ್ಥೆಯಿದ್ದರೆ ಒಬ್ಬನ ಕಷ್ಟಕ್ಕೆ ಇನ್ನೊಬ್ಬನ ಬಳಿ ಉತ್ತರವಿರುತ್ತದೆ. ಇದೇ ಅದರ ತಾತ್ಪರ್ಯ.

ಇನ್ನು ಸ್ಥಾಪನೆಯ ಕಥೆ. ಎಲ್ಲಕ್ಕೂ ಮೊದಲು ಶಿಷ್ಯನು ಮಾಡಿದ ಕೆಲಸವೆಂದರೆ ಪದಗಳ ಕಡತಗಳನ್ನೆಲ್ಲ ಎರಡು ಬೇರೆ ಬೇರೆ ಪೆನ್ ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ನಮ್ಮ ದೇವರ ಪೆಟ್ಟಿಗೆಯಲ್ಲಿಯೂ ಇನ್ನೊಂದನ್ನು ತನ್ನ ಮನೆಯಲ್ಲಿಯೂ ಇರಿಸಿದ್ದು. ಆ ನಕಲುಗಳನ್ನು ಅವನ ಯಂತ್ರದಲ್ಲಿ ತೆರೆದು ನೋಡಿದಾಗ ನಮ್ಮೆಲ್ಲರ ಎದೆ ಧಸಕ್ಕೆಂದಿತು. ಪದಗಳಿರಬೇಕಾದ ಕಡೆ ಇಂಗ್ಲಿಷಿನ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋಗಿ, ಅರ್ಥವಿಲ್ಲದ ಸಾಲುಗಳು ತುಂಬಿದ್ದವು.

ಕಾರಣವನ್ನು ಅವನು ವಿವರಿಸಿದನು. ಹಳೆಯ ಪದ್ಧತಿಯ ‘ನುಡಿ’, ‘ಬರಹ’ಗಳಲ್ಲಿ ಬರೆದ ಕನ್ನಡವು ವಾಸ್ತವದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದು. ಆ ಅಕ್ಷರವಿನ್ಯಾಸವು, ಅಂದರೆ ಫಾಂಟು, ಇರುವ ಯಂತ್ರದಲ್ಲಿ ಅದು ಕನ್ನಡ; ಇಲ್ಲದ ಯಂತ್ರದಲ್ಲಿ ಗೊಂದಲ. ಯೂನಿಕೋಡಿನಲ್ಲಿಯಾದರೋ ‘ಕ’ಕಾರಕ್ಕೆ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ, ಅದು ಎಲ್ಲಿ ಹೋದರೂ ‘ಕ’ಕಾರವೇ. ಆದುದರಿಂದ ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಿರುಗಿಸಬೇಕು. ವಿಂಡೋಸಿನಲ್ಲಿಯೇ ಉಳಿದಿದ್ದರೂ ಎಂದಾದರೊಂದು ದಿನ ಈ ಕೆಲಸವನ್ನು ಮಾಡಲೇಬೇಕಾಗುತ್ತಿದ್ದಿತು.

ಪರಿವರ್ತನೆಗೆ ಹದಿನೈದು ಸಂಜೆಗಳು ಹಿಡಿದವು. ಯಂತ್ರವು ಬಹುಪಾಲನ್ನು ಸರಿಯಾಗಿಯೇ ತಿರುಗಿಸಿತು. ಅರ್ಕಾವತ್ತು, ಒತ್ತಕ್ಷರಗಳು ಮಾತ್ರ ಅಲ್ಲಲ್ಲಿ ಸ್ಥಾನ ತಪ್ಪಿದವು. ಕೈಬರಹದ ಪುಸ್ತಕವಿದ್ದ ಪದಗಳನ್ನು ನೋಡಿ ತಿದ್ದಿದೆವು. ಆದರೆ ಹನ್ನೊಂದು ಪದಗಳಿಗೆ ಕೈಬರಹದ ಪ್ರತಿಯೇ ಇರಲಿಲ್ಲ. ಮುದುಕಿಯರನ್ನು ಮನೆಗೇ ಕರೆಸಿಕೊಂಡು, ಅವರು ಹಾಡಿದಂತೆಲ್ಲ ಆಕೆ ನೇರವಾಗಿ ಯಂತ್ರದಲ್ಲಿಯೇ ಅಚ್ಚು ಮಾಡಿದ್ದಳು. ಅಂಥ ಕಡೆಗಳಲ್ಲಿ ಆಕೆ ಕಣ್ಣು ಮುಚ್ಚಿ ಮೆಲ್ಲನೆ ಹಾಡುವಳು, ಧಾಟಿಗೆ ಕೂಡದ ಅಕ್ಷರವು ಎಲ್ಲಿದೆಯೆಂಬುದು ಆಗ ತಾನಾಗಿ ತಿಳಿಯುತ್ತಿದ್ದಿತು, ನಾನು ತಿದ್ದುತ್ತಿದ್ದೆನು. ಅಂಗಡಿಯಲ್ಲಿ ಆ ಅರ್ಧ ತಾಸಿನ ಕೆಲಸಕ್ಕೆ ನಾನು ಒಪ್ಪಿಬಿಟ್ಟಿದ್ದರೆ ಆ ಹನ್ನೊಂದು ಪದಗಳು ಈ ಲೋಕದಿಂದ ಹೋಗಿಬಿಡುತ್ತಿದ್ದವು.

ಕನ್ನಡ ಬರೆಯುವುದಕ್ಕೆ ತೊಂದರೆಯಾಗಲಿಲ್ಲ. ‘ನುಡಿ’ಯ ಕೀಲಿವಿನ್ಯಾಸವು ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ್ದು. ಅದೇ ವಿನ್ಯಾಸವು ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಿಂದ ದೊರೆಯುತ್ತದೆ. ಸ್ಥಾಪನೆಯ ನಂತರ ಅಂತರ್ಜಾಲದಿಂದ ಒಂದೆರಡು ಉಪಕರಣಗಳನ್ನು ಇಳಿಸಿಕೊಂಡು ಇದನ್ನು ಸೇರಿಸಬೇಕಾಯಿತು, ಅಷ್ಟೇ. ಆಕೆಯ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಡೆಬಿಯನ್ ಮತ್ತು ಉಬುಂಟುಗಳ ಉಗ್ರಾಣದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಹೆಸರಿನ ಕನ್ನಡ ಫಾಂಟುಗಳಿವೆ. ಆಕೆ ಗುಬ್ಬಿಯನ್ನು ಆರಿಸಿಕೊಂಡಳು.

ತೊಂದರೆಯಾದದ್ದು ಪ್ರಿಂಟರಿನಿಂದ. ನಮ್ಮ ಹಳೆಯ ಪ್ರಿಂಟರು ಹೊಸ ವ್ಯವಸ್ಥೆಗೆ ಒಗ್ಗಲು ಮೂರು ಸಂಜೆ ಹಟಮಾಡಿತು. ಇದನ್ನು ಪೆನ್ ಡ್ರೈವಿನ ಪರೀಕ್ಷೆಯ ಕಾಲದಲ್ಲಿಯೇ ನೋಡಬೇಕಾಗಿದ್ದಿತು, ನಾನು ಮರೆತೆನು. ವಾಚಕರು ಮರೆಯದಿರಲಿ.

ಎಲ್ಲರೂ ಲಿನಕ್ಸಿಗೆ ಬರಬೇಕೆಂದು ನಾನು ಹೇಳುವವನಲ್ಲ. ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿಯು ಯಾರೆಂಬುದನ್ನು ವಿಚಾರಿಸುವ ಸಂಪ್ರದಾಯವಿದೆ. ಇಲ್ಲಿಯೂ ಅದು ಅವಶ್ಯ. ನಮ್ಮ ನೆರೆಮನೆಯ ಹುಡುಗಿಯು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿನಿ. ಆಕೆಗೆ ಟ್ಯಾಲಿ ಕಲಿಯಬೇಕು. ಟ್ಯಾಲಿಯು ವಿಂಡೋಸಿಗಾಗಿ ಮಾಡಿದ್ದು. ನಮ್ಮ ಯಂತ್ರವನ್ನು ಕಂಡು ಆಸೆಪಟ್ಟ ಅವಳ ತಂದೆಗೆ “ಬೇಡ್ರಿ, ನಿಮ್ಮ ಮಗಳಿಗೆ ವಿಂಡೋಸೇ ಇರಲಿ” ಎಂದು ನಾನೇ ಹೇಳಿದೆನು. ಬರೆಯುವುದು, ಓದುವುದು, ಪತ್ರವ್ಯವಹಾರ, ಅಂತರ್ಜಾಲ, ಹಾಡು, ಚಿತ್ರ ಇಷ್ಟೇ ಸಾಕಾದ ಮನೆಗೆ ಲಿನಕ್ಸಿನಿಂದ ಯಾವ ಕೊರತೆಯೂ ಆಗದು.

ಅಂಥ ಮನೆಯವರು ಆರಿಸುವಾಗ ವಿಚಾರಿಸಬೇಕಾದ ಸಂಗತಿಗಳು ನಾಲ್ಕೇ. ಒಂದನೆಯದು, ನಮ್ಮಲ್ಲಿರುವ ಯಂತ್ರದಲ್ಲಿ ಅದು ಆಯಾಸವಿಲ್ಲದೆ ನಡೆಯುವುದೇ? ೪ ಜಿಬಿ ಅಥವಾ ಅದಕ್ಕಿಂತ ಕಡಿಮೆ ರ‍್ಯಾಮ್ ಇದ್ದಲ್ಲಿ ಹಗುರವಾದ ಮುಖವುಳ್ಳದ್ದನ್ನೇ ಆರಿಸತಕ್ಕದ್ದು. ಎರಡನೆಯದು, ಅದರಲ್ಲಿ ನಮ್ಮ ಕನ್ನಡವನ್ನು ನಮಗೆ ರೂಢಿಯಾದ ಕೀಲಿಗಳಿಂದ ಬರೆಯಬಹುದೇ, ನಮ್ಮ ಪ್ರಿಂಟರು ನಡೆಯುವುದೇ? ಮೂರನೆಯದು, ಎಷ್ಟು ವರ್ಷ ಅದನ್ನು ಬದಲಾಯಿಸದೆ ಇರಬಹುದು? ಉಬುಂಟು ೨೪.೦೪ಕ್ಕೂ ಅದನ್ನು ಆಧರಿಸಿದ ಮಿಂಟ್ ೨೨ಕ್ಕೂ ೨೦೨೯ರ ವರೆಗೆ ಪರಿಷ್ಕಾರಗಳು ದೊರೆಯುವುವು. ಫೆಡೋರಾ ಎಂಬುದರ ಒಂದೊಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳ ಆಯುಸ್ಸು ಮಾತ್ರ. ಅದು ಉತ್ತಮವಾದ ವಿತರಣೆಯೇ, ಆದರೆ ಪದೇಪದೇ ಮನೆ ಬದಲಾಯಿಸಲು ಇಷ್ಟವಿಲ್ಲದ ಗೃಹಸ್ಥನಿಗೆ ಒಗ್ಗುವುದಿಲ್ಲ. ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಕೆಟ್ಟರೆ ಬಂದು ನೋಡುವವರು ನಡೆದು ಬರುವಷ್ಟು ಸಮೀಪದಲ್ಲಿ ಇದ್ದಾರೆಯೇ, ಅವರು ಬಳಸುವುದು ಯಾವುದನ್ನು?

ಆರಿಸುವುದಕ್ಕೆ ಮುಂಚೆ ಕಡತಗಳನ್ನು ಎರಡು ಕಡೆ ನಕಲು ಮಾಡಿ, ಆ ನಕಲುಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿಕೊಳ್ಳಬೇಕು. ಆರಿಸಿದ ಮೇಲೆ ಒಂದು ವರ್ಷದವರೆಗಾದರೂ ಇನ್ನೊಂದರ ಕಡೆ ಕಣ್ಣು ಹಾಯಿಸಬಾರದು. ದಿನಕ್ಕೊಬ್ಬ ಗುರುವಿನ ಬಳಿ ಹೋಗುವ ಶಿಷ್ಯನಿಗೆ ಸಂಧಿಪ್ರಕರಣವೂ ಮುಗಿಯುವುದಿಲ್ಲ.

ತಂಗಿಯ ಮಗನು ಕಳೆದ ವಾರ ಬಂದಿದ್ದನು. ಮಿಂಟನ್ನು ನೋಡಿ ಮುಗುಳ್ನಕ್ಕು, “ಅತ್ತೀ, ಆರ್ಚ್ ಹಾಕಿಕೊಡಲೇನು?” ಎಂದು ಕೇಳಿದನು. ಆಕೆ ತಲೆಯೆತ್ತದೆ, “ಈ ಪದ ಮುಗೀಲಿ ತಡಿಯಪ್ಪ” ಎಂದಳು. ಈಗ ಪದಗಳ ಸಂಖ್ಯೆ ಇನ್ನೂರ ಹದಿನಾಲ್ಕು.